ಕಮ್ಮಟದಲ್ಲಿ ಕೈತಪ್ಪಿದ ಬೆಳ್ಳಿ

ಬೆಂಗಳೂರಿನ ಮೂಡಣ ಭಾಗದಲ್ಲಿ, ಸಿ. ವಿ. ರಾಮನ್ ನಗರವೆಂಬ ಬಡಾವಣೆಯಲ್ಲಿ ವಾಸಿಸುವ ನಮ್ಮಂಥವರಿಗೆ ವಿಮಾನದ ಸದ್ದು ಹೊಸದಲ್ಲ. ತೆಂಕಣ ದಿಕ್ಕಿಗೆ ಸ್ವಲ್ಪ ದೂರದಲ್ಲಿಯೇ ಎಚ್. ಎ. ಎಲ್. ವಿಮಾನ ನಿಲ್ದಾಣದ ಬಯಲು. ಆ ಕಾರ್ಖಾನೆ ೧೯೪೦ರಲ್ಲಿ ಹುಟ್ಟಿತು. ಪ್ರಯಾಣಿಕರ ವಿಮಾನಗಳು ೨೦೦೮ರಲ್ಲಿ ದೇವನಹಳ್ಳಿಯ ಕಡೆಗೆ ಹೊರಟುಹೋದವು. ಈ ಎರಡು ವರ್ಷಗಳ ನಡುವೆ, ೧೯೬೫ರಲ್ಲಿ, ಅದೇ ನೆಲದ ಒಡಲಿನಿಂದ ರೋಮ್ ಸಾಮ್ರಾಜ್ಯದ ೨೫೬ ಬೆಳ್ಳಿಯ ನಾಣ್ಯಗಳು ಹೊರಬಂದವು. ಊರಿನ ಇನ್ನೊಂದು ಅಂಚಿನ ಯಶವಂತಪುರದಲ್ಲಿ ೧೮೯೧ರಷ್ಟು ಹಿಂದೆಯೇ ಇಂಥವೇ ೧೬೩ ನಾಣ್ಯಗಳು ಸಿಕ್ಕಿದ್ದವು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ಚಕ್ರವರ್ತಿಗಳ ಮುಖಗಳು ಅವುಗಳ ಮೇಲಿವೆ. ಕ್ಲಾಡಿಯಸನು ಆಳಿದ್ದು ಕ್ರಿ. ಶ. ೪೧ರಿಂದ ೫೪ರವರೆಗೆ. ಅವನ ಮುಖವಿರುವ ನಾಣ್ಯ ಇಡುಗಂಟಿನೊಳಗೆ ಇದೆಯೆಂದ ಮೇಲೆ, ಆ ಗಂಟನ್ನು ಹೂಳಿದ್ದು ಕ್ರಿ. ಶ. ೪೧ಕ್ಕಿಂತ ಹಿಂದೆ ಆಗಿರಲಾರದು. ಮುಂದೆ ಎಷ್ಟು ವರ್ಷಕ್ಕಾದರೂ ಆಗಿರಬಹುದು. ಕೆಂಪೇಗೌಡರು ಕೋಟೆ ಕಟ್ಟಿದ್ದು ೧೫೩೭ರಲ್ಲಿ. ಬೆಂಗಳೂರು ಎಂಬ ಹೆಸರು ಬೇಗೂರಿನ ಕಲ್ಲಿನ ಮೇಲೆ ಮೂಡಿದ್ದು ಸುಮಾರು ಕ್ರಿ. ಶ. ೮೯೦ರಲ್ಲಿ. ಈ ಬೆಳ್ಳಿಯಾದರೋ ಆ ಎರಡಕ್ಕಿಂತಲೂ ಹಳೆಯದು.

ಆ ೨೫೬ ಎಂಬ ಸಂಖ್ಯೆಯನ್ನು ಸುಮ್ಮನೆ ಓದಿ ಮುಂದೆ ಹೋಗಬೇಡಿ. ಆಗಸ್ಟಸನ ಸೈನ್ಯದಲ್ಲಿ ಒಬ್ಬ ಸಾಮಾನ್ಯ ಕಾಲಾಳಿಗೆ ವರ್ಷಕ್ಕೆ ಸಲ್ಲುತ್ತಿದ್ದ ಸಂಬಳ ೨೨೫ ದಿನಾರಿಯಸ್. ಅಂದರೆ ರೈನ್ ನದಿಯ ದಡದಲ್ಲಿ ಚಳಿಯಲ್ಲಿ ನಿಂತು ಕಾವಲು ಕಾಯುವ ಸಿಪಾಯಿಯೊಬ್ಬನ ಒಂದು ವರ್ಷದ ದುಡಿಮೆಗಿಂತ ಹೆಚ್ಚಿನ ಹಣ ನಮ್ಮ ವಿಮಾನಪುರದ ಕೆಮ್ಮಣ್ಣಿನಲ್ಲಿ ಮಲಗಿತ್ತು. ತೂಕದಲ್ಲಿ ಒಂದು ಕಿಲೋಗ್ರಾಮಿನ ಆಸುಪಾಸು.

ನಾಣ್ಯಗಳು ಸಿಕ್ಕಿದವೆಂದರೆ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡೇ: ಯಾವ ರಾಜನದು, ಬೆಲೆ ಎಷ್ಟು? ಮೂರನೆಯ ಪ್ರಶ್ನೆಯೊಂದಿದೆ. ಇದನ್ನು ಮಾಡಿದ ಕೈ ಯಾವುದು? ಈ ಪ್ರಶ್ನೆಗೆ ಚೆನ್ನಾಗಿ ಮೂಡಿಬಂದ ನಾಣ್ಯ ಉತ್ತರ ಹೇಳುವುದಿಲ್ಲ. ಅದು ರಾಜನ ಮಾತನ್ನು ಮಾತ್ರ ಆಡುತ್ತದೆ. ಓರೆಯಾಗಿ ಬಿದ್ದ ಅಚ್ಚು, ಎರಡು ಸಲ ಬಿದ್ದ ಏಟು, ತಲೆಕೆಳಗಾದ ಅಕ್ಷರ, ಹೀಗೆ ಎಲ್ಲಿ ಕೆಲಸ ಕೆಟ್ಟಿದೆಯೋ ಅಲ್ಲಿ ಮಾತ್ರ ಕೆಲಸಗಾರನ ಗುರುತು ಹತ್ತುತ್ತದೆ. ಹಳಗನ್ನಡ ಕಾವ್ಯಗಳ ಓಲೆಯ ಪ್ರತಿಗಳನ್ನು ಹೋಲಿಸಿ ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಲಿಪಿಕಾರ ಸರಿಯಾಗಿ ಬರೆದ ಕಡೆ ಅವನು ನಮಗೆ ಕಾಣಿಸುವುದೇ ಇಲ್ಲ. ಒಂದು ಸಾಲು ಬಿಟ್ಟಾಗ, ಒಂದು ಪದವನ್ನು ಎರಡು ಸಲ ಬರೆದಾಗ, ಅರ್ಥವಾಗದ ಮಾತನ್ನು ತನಗೆ ತಿಳಿದ ಮಾತಾಗಿ ತಿದ್ದಿದಾಗ, ಆಗ ಕಾಣಿಸುತ್ತಾನೆ, ಕಂಠವೂ ಕೈಯೂ ಉಳ್ಳ ಮನುಷ್ಯನಾಗಿ.

ಈಗ ಕಮ್ಮಟದೊಳಗೆ ಹೋಗೋಣ. ಕಮ್ಮಟವೆಂದರೆ ಇಂದಿನವರಿಗೆ ಕಥಾ ಕಮ್ಮಟ, ಕಾವ್ಯ ಕಮ್ಮಟಗಳು ನೆನಪಾಗುತ್ತವೆ. ಆದರೆ ನಾಣ್ಯವನ್ನು ಅಚ್ಚುಹಾಕುವ ಟಂಕಸಾಲೆಯೇ ಆ ಪದದ ಹಳೆಯ ಅರ್ಥ. ಅಲ್ಲಿ ನಡೆಯುವ ಕೆಲಸವನ್ನು ತಿಳಿಯಲು ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನೆದರೆ ಅರ್ಧ ದಾರಿ ಸಾಗಿದಂತೆ. ಮರದ ಎರಡು ಹೋಳುಗಳು, ಒಂದೊಂದರಲ್ಲಿಯೂ ಗಿಳಿಯ ಅಥವಾ ಬಾಳೆಗೊನೆಯ ಒಂದೊಂದು ಮಗ್ಗುಲು ಒಳಗೆ ಕೊರೆದಿರುತ್ತದೆ, ನಡುವೆ ಪಾಕ. ಒಳಗೆ ಕೊರೆದದ್ದು ಹೊರಗೆ ಉಬ್ಬಿ ಬರುತ್ತದೆ, ಎಡದಲ್ಲಿದ್ದದ್ದು ಬಲಕ್ಕೆ ತಿರುಗುತ್ತದೆ. ರೋಮನರದೂ ಇದೇ ತತ್ತ್ವ. ಪಾಕದ ಬದಲು ಕಾಯಿಸಿದ ಬೆಳ್ಳಿಯ ಬಿಲ್ಲೆ, ಮರದ ಬದಲು ಕಂಚಿನ ಅಥವಾ ಕಬ್ಬಿಣದ ಅಚ್ಚು, ಕೈಯ ಒತ್ತಡದ ಬದಲು ಸುತ್ತಿಗೆಯ ಏಟು. ರಾಜನ ಮುಖವಿರುವ ಅಚ್ಚನ್ನು ಅಡಿಗಲ್ಲಿನಲ್ಲಿ ಅಲ್ಲಾಡದಂತೆ ನಾಟುತ್ತಿದ್ದರು. ಅದರ ಮೇಲೆ ಬಿಲ್ಲೆ. ಬಿಲ್ಲೆಯ ಮೇಲೆ ಹಿಮ್ಮುಖದ ಅಚ್ಚನ್ನು ಕೈಯಲ್ಲಿ ಹಿಡಿಯುವುದು. ಬಳಿಕ ಏಟು.

ರೋಮ್ ನಗರದಲ್ಲಿ ಕ್ರಿ. ಶ. ೧೧೫ರಲ್ಲಿ, ಟ್ರೇಜನ್ ಚಕ್ರವರ್ತಿಯ ಕಾಲದಲ್ಲಿ, ಅಲ್ಲಿಯ ಟಂಕಸಾಲೆಯ ನೌಕರರು ಹಾಕಿಸಿದ ಶಾಸನಗಳಿವೆ. ಅವುಗಳಿಂದ ಕೆಲಸದ ವಿಂಗಡಣೆ ತಿಳಿಯುತ್ತದೆ. ಅಚ್ಚು ಕೊರೆಯುವವರು ‘ಸಿಗ್ನಾತೋರೆಸ್’, ಬಿಲ್ಲೆಯನ್ನು ಅಚ್ಚಿನ ನಡುವೆ ಇಡುವವರು ‘ಸುಪ್ಪೊಸ್ತೋರೆಸ್’, ಸುತ್ತಿಗೆ ಬೀಸುವವರು ‘ಮಲ್ಲಿಯಾತೋರೆಸ್’. ಈ ಮೂವರಲ್ಲಿ ಯಾರು ತಪ್ಪಿದರೆ ನಾಣ್ಯದ ಮೇಲೆ ಯಾವ ಗುರುತು ಬೀಳುತ್ತದೆಂಬುದನ್ನು ಬಹುಮಟ್ಟಿಗೆ ಇಂದಿಗೂ ಹೇಳಬಹುದು. ಎರಡು ಸಾವಿರ ವರ್ಷಗಳ ಹಿಂದೆ ಯಾವನೋ ಒಬ್ಬ ಮಧ್ಯಾಹ್ನದ ಊಟವಾದ ಮೇಲೆ ತೂಕಡಿಸಿದ್ದನ್ನು ನಾವು ಇಲ್ಲಿ ಕುಳಿತು ಹಿಡಿಯುವುದೆಂದರೆ, ನೋಡಿ, ಅದು ಸ್ವಲ್ಪ ಕ್ರೌರ್ಯವೇ ಸರಿ.

ಎಲ್ಲಕ್ಕಿಂತ ಸೊಗಸಾದ ತಪ್ಪು ಬಿಲ್ಲೆ ಇಡುವವನದು. ಏಟು ಬಿದ್ದ ಮೇಲೆ ನಾಣ್ಯವನ್ನು ತೆಗೆದು ಹೊಸ ಬಿಲ್ಲೆ ಇಡಬೇಕಷ್ಟೆ. ಕೆಲವೊಮ್ಮೆ ಆಗತಾನೆ ಆದ ನಾಣ್ಯ ಮೇಲಿನ ಅಚ್ಚಿಗೇ ಕಚ್ಚಿಕೊಂಡುಬಿಡುತ್ತದೆ. ಸಕ್ಕರೆ ಅಚ್ಚಿನಲ್ಲಿ ಗಿಳಿಯ ಬಾಲ ಅಂಟಿ ಉಳಿಯುವುದಿಲ್ಲವೆ, ಹಾಗೆ. ಕೆಲಸದ ಭರಾಟೆಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಗೆ ಹೊಸ ಬಿಲ್ಲೆ ಬರುತ್ತದೆ, ಸುತ್ತಿಗೆ ಬೀಳುತ್ತದೆ. ಈಗ ಹೊಸ ಬಿಲ್ಲೆಯ ಕೆಳಮಗ್ಗುಲಿಗೆ ರಾಜನ ಮುಖ ಎಂದಿನಂತೆ ಉಬ್ಬಿ ಮೂಡುತ್ತದೆ. ಮೇಲ್ಮಗ್ಗುಲಿಗೆ ತಗಲುವುದು ಅಚ್ಚಲ್ಲ, ಅಚ್ಚಿಗೆ ಅಂಟಿಕೊಂಡಿರುವ ಹಳೆಯ ನಾಣ್ಯದ ಮುಖ. ಆದ್ದರಿಂದ ಅಲ್ಲಿಯೂ ಅದೇ ರಾಜ ಬರುತ್ತಾನೆ, ಆದರೆ ಉಬ್ಬಾಗಿ ಅಲ್ಲ, ಕುಳಿಯಾಗಿ. ಮುಂದುಗಡೆ ಬಲಕ್ಕೆ ನೋಡುವವನು ಹಿಂದುಗಡೆ ಎಡಕ್ಕೆ ನೋಡುತ್ತಾನೆ. ಒಂದೇ ನಾಣ್ಯದಲ್ಲಿ ಮುಖವೂ ಮುಖದ ಮುಚ್ಚಳವೂ! ರೋಮಿನಲ್ಲಿ ಗಣರಾಜ್ಯವಿದ್ದ ಕೊನೆಯ ಶತಮಾನದ ದಿನಾರಿಯಸ್‌ಗಳಲ್ಲಿ ಇಂಥವು ಹೆಚ್ಚಾಗಿ ದೊರೆಯುತ್ತವೆ. ಅಂತರ್ಯುದ್ಧದ ಸೇನೆಗಳಿಗೆ ಸಂಬಳ ಹಂಚುವ ಅವಸರದಲ್ಲಿ ಕಮ್ಮಟಗಳು ಉಸಿರು ಬಿಡದೆ ದುಡಿದ ಕಾಲ ಅದು.

ಸುತ್ತಿಗೆಯವನ ತಪ್ಪುಗಳು ಸರಳವಾದವು. ಒಂದು ಏಟು ಸಾಲದೆಂದು ಇನ್ನೊಂದು ಹೊಡೆಯುವಾಗ ಬಿಲ್ಲೆ ಕೂದಲೆಳೆಯಷ್ಟು ಜರುಗಿದ್ದರೆ ರಾಜನಿಗೆ ಎರಡು ಮೂಗು. ಬಿಲ್ಲೆ ನಡುವಿಗೆ ಕೂರದಿದ್ದರೆ ಅರ್ಧ ಮುಖ ಗಾಳಿಗೆ ಹೋಗಿ, ಉಳಿದ ಕಡೆ ಬರಿಯ ಬೆಳ್ಳಿ. ಬಿಲ್ಲೆಯೇ ಇಲ್ಲದೆ ಅಚ್ಚಿಗೆ ಅಚ್ಚು ಬಡಿದರೆ ಎರಡೂ ಗಾಯಗೊಂಡು, ಮುಂದೆ ಅವುಗಳಿಂದ ಬರುವ ನಾಣ್ಯಗಳ ಬೆನ್ನಿನ ಮೇಲೆ ಮುಖದ ಮಸುಕು ನೆರಳು ಕಾಣಿಸುತ್ತದೆ. ಬೆಳ್ಳಿ ತಣ್ಣಗಾಗಿದ್ದರೆ ಅಂಚು ಬಿರಿಯುತ್ತದೆ; ಇದನ್ನು ರೋಮನರು ತಪ್ಪೆಂದೇ ಎಣಿಸುತ್ತಿರಲಿಲ್ಲ.

ಇಂದಿನ ನಮ್ಮ ರೂಪಾಯಿಯನ್ನು ಹಿಡಿದು, ಸಿಂಹವನ್ನು ನೆಟ್ಟಗೆ ನಿಲ್ಲಿಸಿ, ಪುಸ್ತಕದ ಹಾಳೆಯಂತೆ ಮಗುಚಿ ನೋಡಿ. ಬೆನ್ನಿನ ಚಿತ್ರವೂ ನೆಟ್ಟಗಿರುತ್ತದೆ. ಇಲ್ಲದಿದ್ದರೆ ಅದು ಟಂಕಸಾಲೆಯ ದೋಷ, ಸಂಗ್ರಾಹಕರು ಹುಡುಕಿ ಇಟ್ಟುಕೊಳ್ಳುತ್ತಾರೆ. ಮೇಲಿನ ಅಚ್ಚನ್ನು ಬರಿಗೈಯಲ್ಲಿ ಹಿಡಿದು ಹೊಡೆದ ರೋಮನ್ ನಾಣ್ಯದಲ್ಲಿ ಬೆನ್ನು ಓರೆಯಾಗಿದ್ದರೆ ಅದೊಂದು ವಿಶೇಷವಲ್ಲ. ಯಾವುದು ದೋಷ, ಯಾವುದು ಆ ಕಾಲದ ವಾಡಿಕೆ ಎಂಬ ವಿವೇಕ ಮೊದಲು ಬೇಕು. ನಡುಗನ್ನಡದ ಕವಿಯನ್ನು ಹಳಗನ್ನಡದ ವ್ಯಾಕರಣದಿಂದ ಅಳೆದು ತಪ್ಪು ಹಿಡಿಯುವ ಪಂಡಿತರು ನಮ್ಮಲ್ಲಿಯೂ ಇದ್ದರು.

ಇನ್ನು ಅಚ್ಚು ಕೊರೆಯುವವನು. ಅವನ ಕಷ್ಟವನ್ನು ಹಳೆಯ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸಿದವರು ಬಲ್ಲರು. ಎಲ್ಲವನ್ನೂ ತಿರುಗುಮುರುಗಾಗಿ ಕಲ್ಪಿಸಿಕೊಳ್ಳಬೇಕು. ಮನಸ್ಸು ಒಂದು ಕ್ಷಣ ಬೇರೆ ಕಡೆ ಹೋದರೆ ಅಕ್ಷರವನ್ನು ನೆಟ್ಟಗೆ ಕೊರೆದುಬಿಡುತ್ತಾನೆ, ನಾಣ್ಯದ ಮೇಲೆ ಅದು ಕನ್ನಡಿಯ ಅಕ್ಷರವಾಗಿ ಬರುತ್ತದೆ. ಅಕ್ಷರ ಬಿಟ್ಟುಹೋಗುವುದೂ ಉಂಟು, ಜಾಗ ಸಾಲದೆ ಕೊನೆಯ ಅಕ್ಷರಗಳನ್ನು ತುರುಕುವುದೂ ಉಂಟು. ಅಚ್ಚು ಹಳತಾಗಿ ಒಂದು ಚೂರು ಉದುರಿದರೆ ನಾಣ್ಯದ ಮೇಲೆ ಆ ಜಾಗದಲ್ಲಿ ಒಂದು ಗಂಟು ಏಳುತ್ತದೆ. ಬಿರುಕು ಬಿಟ್ಟರೆ ಉಬ್ಬಿದ ಗೆರೆ. ಇಲ್ಲಿ ಇತಿಹಾಸಕಾರನಿಗೆ ಒಂದು ದೊಡ್ಡ ಉಪಕಾರವಾಗಿದೆ. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಬಗೆಯ ಬಿರುಕಿದ್ದರೆ ಅವೆರಡೂ ಒಂದೇ ಅಚ್ಚಿನ ಮಕ್ಕಳು. ಒಂದರಲ್ಲಿ ಬಿರುಕು ಗಿಡ್ಡ, ಇನ್ನೊಂದರಲ್ಲಿ ಉದ್ದವೆಂದರೆ, ಗಿಡ್ಡದ್ದೇ ಅಣ್ಣ. ಓಲೆಯ ಪ್ರತಿಗಳಲ್ಲಿ ಸಮಾನವಾದ ತಪ್ಪುಗಳಿಂದ ಮೂಲಪ್ರತಿ ಒಂದೇ ಎಂದು ತೀರ್ಮಾನಿಸಿ ವಂಶವೃಕ್ಷ ಬರೆಯುತ್ತೇವಲ್ಲ, ಅದೇ ನ್ಯಾಯ. ಸರಿಯಾದ ಪಾಠ ಎಲ್ಲ ಪ್ರತಿಗಳಲ್ಲಿಯೂ ಇರಬಹುದು. ಅದರಿಂದ ನಂಟು ಸಾಬೀತಾಗುವುದಿಲ್ಲ. ನಂಟನ್ನು ಹೇಳುವುದು ತಪ್ಪು.

ಮೇಲಿನ ಮಾತಿನಲ್ಲಿ ಒಂದು ಉಪಯುಕ್ತ ಸೂತ್ರವೂ ಅಡಗಿದೆ. ಅಚ್ಚಿನ ಗಾಯ ನಾಣ್ಯದ ಮೇಲೆ ಉಬ್ಬಾಗಿ ಬರುತ್ತದೆ; ನಾಣ್ಯಕ್ಕೆ ಆಮೇಲೆ ಆದ ಗಾಯ ಕುಳಿಯಾಗಿರುತ್ತದೆ. ನಿಮ್ಮ ರೇಡಿಯೋ ಗೊರಗುಟ್ಟಿದಾಗ ತೊಂದರೆ ನಿಲಯದ್ದೋ, ದಾರಿಯದ್ದೋ, ಮನೆಯ ಪೆಟ್ಟಿಗೆಯದ್ದೋ ಎಂದು ಮೊದಲು ವಿಚಾರಿಸುತ್ತೀರಷ್ಟೆ. ನಾಣ್ಯದ ವಿಷಯದಲ್ಲಿಯೂ ಕಮ್ಮಟದಲ್ಲಿ ಆದದ್ದು ಯಾವುದು, ಪಯಣದಲ್ಲಿ ಆದದ್ದು ಯಾವುದು, ಕೊನೆಗೆ ಸೇರಿದ ಊರಿನಲ್ಲಿ ಆದದ್ದು ಯಾವುದು ಎಂದು ಬಿಡಿಸಬೇಕು. ನಮ್ಮ ನಾಡಿನ ರೋಮನ್ ನಾಣ್ಯಗಳಲ್ಲಿ ಈ ಮೂರನೆಯ ಪಾಲೇ ಬಹು ಸ್ವಾರಸ್ಯದ್ದು.

ದಕ್ಷಿಣ ಭಾರತದಲ್ಲಿ ದೊರೆತ ರೋಮನ್ ಬೆಳ್ಳಿಯಲ್ಲಿ ಎರಡು ಬಗೆಯ ನಾಣ್ಯಗಳದೇ ಮೇಲುಗೈ. ಒಂದು ಆಗಸ್ಟಸನದು. ಅದರ ಬೆನ್ನಿನ ಮೇಲೆ ಇಬ್ಬರು ಹುಡುಗರು ಗುರಾಣಿ ಭರ್ಜಿಗಳೊಡನೆ ನಿಂತಿದ್ದಾರೆ, ಗಾಯಸ್ ಮತ್ತು ಲೂಸಿಯಸ್. ಮಗಳ ಮಕ್ಕಳು, ಅವರನ್ನು ದತ್ತು ತೆಗೆದುಕೊಂಡು ತನ್ನ ಉತ್ತರಾಧಿಕಾರಿಗಳೆಂದು ಸಾರಿದ್ದ. ಇಂದಿನ ಫ್ರಾನ್ಸಿನ ಲಿಯೋನ್ ನಗರದ ಕಮ್ಮಟದಲ್ಲಿ ಕ್ರಿ. ಪೂ. ೨ರಿಂದ ಈ ನಾಣ್ಯ ಹೊರಟಿತು. ಲೂಸಿಯಸ್ ಕ್ರಿ. ಶ. ೨ರಲ್ಲಿ ತೀರಿಕೊಂಡ, ಗಾಯಸ್ ಕ್ರಿ. ಶ. ೪ರಲ್ಲಿ. ರಾಜ್ಯವಾಳಬೇಕಾಗಿದ್ದ ಹುಡುಗರಿಬ್ಬರೂ ಮಣ್ಣಾದ ಮೇಲೆಯೂ ಅವರ ಬೆಳ್ಳಿಯ ಬೊಂಬೆಗಳು ಕಡಲು ದಾಟಿ ಬರುತ್ತಲೇ ಇದ್ದವು. ಎರಡನೆಯದು ಟೈಬೀರಿಯಸನದು. ಬೆನ್ನಿನ ಮೇಲೆ ಪೀಠದಲ್ಲಿ ಕುಳಿತ ಸ್ತ್ರೀ, ಸುತ್ತ ‘ಮಹಾಪುರೋಹಿತ’ ಎಂಬರ್ಥದ ಲತೀನ್ ಬಿರುದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ, ಶಾತವಾಹನರ ಕಾಲದ ಸೀಸದ ನಾಣ್ಯಗಳು ದೊರೆತ ಪ್ರಸಿದ್ಧ ನೆಲೆಯಲ್ಲಿ, ಈ ಇಬ್ಬರು ಚಕ್ರವರ್ತಿಗಳ ಬೆಳ್ಳಿಯೂ ಸಿಕ್ಕಿದೆ. ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಮೊದಲು, ಬಳಿಕ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದರು.

ಈ ಎರಡು ನಾಣ್ಯಗಳನ್ನೇ ನಮ್ಮ ನಾಡಿನ ಅಕ್ಕಸಾಲಿಗರು ಅನುಕರಿಸಿದರು. ಇಂಥ ಅನುಕರಣಗಳು ಹೇರಳವಾಗಿ ಸಿಕ್ಕಿವೆ. ಮುಖ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ, ಕೆಲವೊಮ್ಮೆ ರೋಮನ್ ಮುಖಕ್ಕಿಂತ ಸೌಮ್ಯವಾಗಿಯೂ ಇರುತ್ತದೆ. ಕೆಡುವುದು ಬರಹ. ಲತೀನ್ ಬಾರದವನಿಗೆ ಅಕ್ಷರವೆಂದರೆ ಗೆರೆ ಮತ್ತು ಬಳೆ. ಮೊದಲಿನ ನಾಲ್ಕಾರು ಅಕ್ಷರ ಶ್ರದ್ಧೆಯಿಂದ ಕೊರೆಯುತ್ತಾನೆ, ಮುಂದೆ ಕಡ್ಡಿ, ಸೊನ್ನೆ, ಕಡ್ಡಿ. ನೋಡಿದ್ದನ್ನು ನೋಡಿದಂತೆ ಅಚ್ಚಿಗೆ ಇಳಿಸಿದ್ದರಿಂದ ಬರಹವೆಲ್ಲ ಹಿಂದುಮುಂದಾಗುತ್ತದೆ. ಇದು ಕಮ್ಮಟದ ತಪ್ಪೇ? ಅಲ್ಲ, ಇದು ಬೇರೊಂದು ಭಾಷೆಯ ಬಾಗಿಲಲ್ಲಿ ನಿಂತವನ ತೊಡಕು. ಹೀಗಾಗಿ ಅಕ್ಷರದೋಷ ಕಂಡೊಡನೆ ‘ರೋಮಿನ ಅಚ್ಚುಗಾರ ತಪ್ಪಿದ’ ಎನ್ನುವಂತಿಲ್ಲ. ಲತೀನ್ ಬಲ್ಲವನು ಒಂದೆರಡು ಕಡೆ ತಪ್ಪುತ್ತಾನೆ. ಬಾರದವನು ಒಂದೆರಡು ಕಡೆ ಮಾತ್ರ ಸರಿಯಾಗಿರುತ್ತಾನೆ. ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುವ ವೃತ್ತಿಯವನಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಂಧ್ರ ತೆಲಂಗಾಣಗಳ ಕಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಕೊಂಡಾಪುರದ ಅಗೆತದಲ್ಲಿ ಟೈಬೀರಿಯಸನ ನಾಣ್ಯವನ್ನು ಹೋಲುವ ಸುಟ್ಟ ಮಣ್ಣಿನ ಪದಕಗಳು ದೊರೆತಿವೆ. ಚಕ್ರವರ್ತಿ ಮಣ್ಣಿನ ಆಭರಣವಾದ.

ಇದೇ ಆಟದ ಇನ್ನೊಂದು ಮಗ್ಗುಲನ್ನು ಇಲ್ಲಿ ನೆನೆಯದಿರಲಾರೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ, ೧೯೦೩ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರ ಪಪೈರಸ್ ಹಾಳೆಯಲ್ಲಿ ಹಿಂದೂದೇಶದ ತೀರದ ಜನ ಆಡುವ ಮಾತುಗಳನ್ನು ಗ್ರೀಕ್ ಲಿಪಿಯಲ್ಲಿ ಬರೆದಿದೆ. ಅದು ಕನ್ನಡವೆಂದು ಹುಲ್ಟ್ಸ್ ೧೯೦೪ರಲ್ಲಿ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳೂ ಎಂ. ಗೋವಿಂದ ಪೈಗಳೂ ಆ ಹಾದಿಯಲ್ಲಿ ದುಡಿದರು. ಎಲ್ಲ ವಿದ್ವಾಂಸರೂ ಒಪ್ಪಿದ ಮಾತಲ್ಲ. ಕನ್ನಡವೇ ಆಗಿದ್ದರೆ, ನಮ್ಮ ಅಕ್ಕಸಾಲಿಗ ಲತೀನಿಗೆ ಮಾಡಿದ್ದನ್ನೇ ಗ್ರೀಕ್ ಲಿಪಿಕಾರ ಕನ್ನಡಕ್ಕೆ ಮಾಡಿದ್ದಾನೆ. ಲೆಕ್ಕ ಚುಕ್ತಾ.

ಇಷ್ಟಕ್ಕೂ ಓರೆ ಮುಖದ, ಒಡೆದ ಅಂಚಿನ ಈ ನಾಣ್ಯಗಳನ್ನು ನಮ್ಮವರು ಹೇಗೆ ಒಪ್ಪಿಕೊಂಡರು? ಇದಕ್ಕೆ ಉತ್ತರವಾಗಿ ರೋಮನ್ ಗ್ರಂಥಕಾರ ಪ್ಲಿನಿ ಒಂದು ಪ್ರಸಂಗವನ್ನು ಹೇಳುತ್ತಾನೆ. ಕ್ಲಾಡಿಯಸನ ಕಾಲದಲ್ಲಿ ಕೆಂಪು ಸಮುದ್ರದ ಸುಂಕದ ಗುತ್ತಿಗೆ ಹಿಡಿದಿದ್ದ ಆನಿಯಸ್ ಪ್ಲೊಕಾಮಸ್ ಎಂಬವನ ಸೇವಕನೊಬ್ಬ ಅರೇಬಿಯದ ಸುತ್ತ ಹಡಗಿನಲ್ಲಿ ಹೋಗುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ, ಹದಿನೈದನೆಯ ದಿನ ಸಿಂಹಳದ ತೀರ ಸೇರಿದ. ಅಲ್ಲಿಯ ಅರಸು ಅವನನ್ನು ಆರು ತಿಂಗಳು ಆದರದಿಂದ ಇಟ್ಟುಕೊಂಡ. ಅವನ ಬಳಿಯಿದ್ದ ದಿನಾರಿಯಸ್‌ಗಳನ್ನು ಅರಸು ನೋಡಿದ. ಮುಖಗಳು ಬೇರೆ ಬೇರೆ. ಅಂದರೆ ಬೇರೆ ಬೇರೆ ದೊರೆಗಳು ಹಾಕಿಸಿದವು. ಆದರೆ ತೂಕ ಮಾತ್ರ ಒಂದೇ! ಇಂಥ ಜನ ನಂಬಿಕಸ್ಥರೇ ಇರಬೇಕೆಂದು ಮೆಚ್ಚಿ ಆ ಅರಸು ರೋಮಿಗೆ ರಾಯಭಾರಿಗಳನ್ನು ಕಳಿಸಿದನಂತೆ. ಕಥೆಯಲ್ಲಿ ರೋಮನರ ಆತ್ಮಸ್ತುತಿಯ ಪಾಲು ಸಾಕಷ್ಟಿದೆ, ಬಿಡಿ. ಆದರೂ ವ್ಯಾಪಾರದ ಮರ್ಮವನ್ನು ಅದು ಸರಿಯಾಗಿ ಹಿಡಿದಿದೆ. ತಕ್ಕಡಿಯಲ್ಲಿ ಬೆಳ್ಳಿ ತೂಗುವವನಿಗೆ ರಾಜನ ಮೂಗು ಒಂದಾದರೇನು, ಎರಡಾದರೇನು?

ತೂಕ ತಪ್ಪಿದಾಗ ಏನಾಯಿತೆಂಬುದನ್ನೂ ನಮ್ಮ ನೆಲವೇ ಹೇಳುತ್ತದೆ. ರೋಮಿನ ಒಂದು ಪೌಂಡು ಬೆಳ್ಳಿಗೆ ೮೪ ದಿನಾರಿಯಸ್ ಹೊಡೆಯುವುದು ಹಳೆಯ ಪದ್ಧತಿ. ಒಂದೊಂದೂ ಸುಮಾರು ೩.೮ ಗ್ರಾಮು. ಕ್ರಿ. ಶ. ೬೪ರಲ್ಲಿ ನೀರೋ ಚಕ್ರವರ್ತಿ ಅದನ್ನು ೯೬ಕ್ಕೆ ಏರಿಸಿ, ಬೆಳ್ಳಿಯಲ್ಲಿ ತಾಮ್ರವನ್ನೂ ಬೆರೆಸಿದ. ನಾಣ್ಯ ೩.೪ ಗ್ರಾಮಿಗೆ ಇಳಿಯಿತು. ಮುಖ ಸುಂದರವಾಗಿಯೇ ಇತ್ತು, ಅಕ್ಷರವೂ ತಪ್ಪಿರಲಿಲ್ಲ. ಆದರೆ ದಕ್ಷಿಣ ಭಾರತದ ಇಡುಗಂಟುಗಳಲ್ಲಿ ಆ ವರ್ಷದಿಂದೀಚಿನ ಬೆಳ್ಳಿ ತೀರ ಅಪರೂಪ. ಕಲಬೆರಕೆಯ ಬೆಳ್ಳಿಯನ್ನು ಇಲ್ಲಿಯ ವರ್ತಕರು ಮುಟ್ಟಲಿಲ್ಲ, ಹಳೆಯ ನಾಣ್ಯಗಳನ್ನೇ ಕೇಳಿ ಪಡೆದರು ಎಂಬುದು ಬಲವಾದ ಅಭಿಪ್ರಾಯ. ಮುಂದೆ ಚಿನ್ನವೇ ಹೆಚ್ಚಾಗಿ ಬಂತು. ಯಶವಂತಪುರದ, ಎಚ್. ಎ. ಎಲ್. ಬಯಲಿನ ಬೆಳ್ಳಿ ಆ ಒಳ್ಳೆಯ ಕಾಲದ್ದು. ನನ್ನ ಮಟ್ಟಿಗೆ ಹೇಳುವುದಾದರೆ, ಕೈತಪ್ಪಿ ಎರಡು ಮೂಗು ಮೂಡಿಸಿದ ಸುತ್ತಿಗೆಯವನಿಗಿಂತ, ಕೈತಪ್ಪದೆ ತೂಕ ಇಳಿಸಿದ ಚಕ್ರವರ್ತಿಯೇ ದೊಡ್ಡ ತಪ್ಪುಗಾರ.

ಕಳ್ಳ ನಾಣ್ಯದವರನ್ನೂ ಮರೆಯುವಂತಿಲ್ಲ. ತಾಮ್ರದ ಬಿಲ್ಲೆಗೆ ಬೆಳ್ಳಿಯ ತೆಳು ತಗಡನ್ನು ಹೊದಿಸಿ ಅಚ್ಚುಹಾಕುವ ವಿದ್ಯೆ ರೋಮನ್ ಲೋಕದಲ್ಲಿ ಚೆನ್ನಾಗಿ ಬೆಳೆದಿತ್ತು. ತಗಡು ಸವೆದ ಕಡೆ ಹಸಿರು ಕಿಲುಬು ಇಣುಕಿದರೆ ಗುಟ್ಟು ರಟ್ಟು. ಅನುಮಾನ ಬಂದ ನಾಣ್ಯಕ್ಕೆ ಉಳಿಯಿಂದ ಕಚ್ಚು ಹಾಕಿ ಒಳಗನ್ನು ನೋಡುವುದು, ಪುಟ್ಟ ಮುದ್ರೆ ಒತ್ತುವುದು ಇವೆಲ್ಲ ಹಣ ಪರೀಕ್ಷಿಸುವವರ ಕೆಲಸ. ನಮ್ಮಲ್ಲಿಯೂ ಈ ಉದ್ಯೋಗ ಹಳೆಯದು. ೧೯೦೯ರಲ್ಲಿ ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಟಂಕಸಾಲೆಯ ಮೇಲ್ವಿಚಾರಕನಿಗೆ ಲಕ್ಷಣಾಧ್ಯಕ್ಷನೆಂದೂ, ನಾಣ್ಯವನ್ನು ಪರೀಕ್ಷಿಸುವವನಿಗೆ ರೂಪದರ್ಶಕನೆಂದೂ ಹೆಸರು. ಆದರೆ ತಮಿಳುನಾಡಿನ ಪುದುಕ್ಕೋಟೆಯ ಸೀಮೆಯಲ್ಲಿ ೧೮೯೮ರಲ್ಲಿ ದೊರೆತ ೫೦೧ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿಗೆ ಚಕ್ರವರ್ತಿಯ ಮುಖದ ಮೇಲೆಯೇ ಉಳಿಯ ಕಚ್ಚಿದೆ. ಇಷ್ಟೊಂದು ನಾಣ್ಯಗಳಿಗೆ ಒಂದೇ ಜಾಗದಲ್ಲಿ ಕಚ್ಚು ಬಿದ್ದದ್ದು ಬರಿಯ ಪರೀಕ್ಷೆಯಲ್ಲ. ಇದು ಇನ್ನು ಹಣವಲ್ಲ, ಬರಿಯ ಚಿನ್ನ ಎಂದು ಸಾರುವ ಗುರುತೆಂದು ಹಲವರು ತಿಳಿಯುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ. ಈಚಿನ ಶತಮಾನಗಳ ರೋಮನ್ ಚಿನ್ನದಲ್ಲಿ, ರಾಜನ ತಲೆಯ ಮೇಲ್ಗಡೆ ಒತ್ತೊತ್ತಾಗಿ ಎರಡು ತೂತುಗಳಿರುವುದುಂಟು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನವರೆಗೂ ಬೈಜಾಂಟಿಯಮ್ಮಿನ ಚಿನ್ನ ಬಂದಿದೆ. ಆ ತೂತುಗಳನ್ನು ಕಮ್ಮಟದ ದೋಷವೆಂದು ಬಗೆದವರು ನಮ್ಮ ಹೆಂಗಸರ ಕಾಸಿನ ಸರವನ್ನು ನೋಡಿಲ್ಲವೆನ್ನಬೇಕು.

ಹಣವೇನೋ ಸವೆದುಹೋಯಿತು, ಹೆಸರು ಉಳಿಯಿತು. ದಿನಾರಿಯಸ್ ಎಂಬುದೇ ಸಂಸ್ಕೃತದ ದೀನಾರ. ಗುಪ್ತರ ಶಾಸನಗಳಲ್ಲಿ ಅದು ಚಿನ್ನದ ನಾಣ್ಯಕ್ಕೆ ಹೆಸರಾಗಿದೆ. ಗ್ರೀಕರ ದ್ರಖ್ಮ ನಮ್ಮ ಕನ್ನಡ ಶಾಸನಗಳಲ್ಲಿ ದ್ರಮ್ಮವಾಗಿ ಗದ್ಯಾಣ, ಪಣ, ಹಾಗಗಳ ಪಂಕ್ತಿಯಲ್ಲಿ ಕುಳಿತಿತು. ಪದಗಳೂ ಅಚ್ಚಿನಿಂದ ಅಚ್ಚಿಗೆ ಹೋಗುವಾಗ ಒಂದೆರಡು ಅಕ್ಷರ ಕಳೆದುಕೊಳ್ಳುತ್ತವೆ.

ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ತಪ್ಪು ಅಚ್ಚಿನ ನಾಣ್ಯಗಳಿಗೆ ಈಗ ಒಳ್ಳೆಯ ಬೆಲೆ ಬಂದಿದೆ. ಬೆಲೆ ಬಂದ ಕಡೆ ಕೈಚಳಕವೂ ಬರುತ್ತದೆ. ಸರಿಯಾದ ನಾಣ್ಯದ ಬೆನ್ನನ್ನು ಕೊರೆದು ಕುಳಿ ಮುಖ ಮಾಡುವವರಿದ್ದಾರೆ. ಎರಕ ಹೊಯ್ದು ಅಂಚನ್ನು ಅರದಿಂದ ಉಜ್ಜುವವರಿದ್ದಾರೆ. ಆದರೆ ಏಟಿನಿಂದ ಮೂಡಿದ ನಾಣ್ಯದಲ್ಲಿ ಲೋಹ ಹೊರಮುಖವಾಗಿ ಹರಿದಿರುತ್ತದೆ, ಅಂಚಿನ ಬಿರುಕುಗಳು ಒಳಗಿನಿಂದ ಹೊರಗೆ ಅಗಲವಾಗುತ್ತವೆ. ಎರಕದ ನಾಣ್ಯದಲ್ಲಿ ಸೂಜಿಮೊನೆಯಂಥ ಗುಳ್ಳೆಗಳೂ ಅಂಚಿನ ಸುತ್ತ ಬೆಸುಗೆಯ ಗೆರೆಯೂ ಇರುತ್ತವೆ. ನಿಜವಾದ ಕುಳಿ ಮುಖ ತನ್ನ ಉಬ್ಬು ಮುಖಕ್ಕೆ ಅಕ್ಷರಕ್ಕೆ ಅಕ್ಷರ ಒಪ್ಪಬೇಕು, ಏಕೆಂದರೆ ಹಿಂದಿನ ನಾಣ್ಯವೂ ಕೆಳಗಿನ ಅದೇ ಅಚ್ಚಿನಿಂದ ಹುಟ್ಟಿದ್ದು. ಕೊರೆದು ಮಾಡಿದ್ದು ಹಾಗೆ ಒಪ್ಪುವುದು ಬಲು ಕಷ್ಟ.

ಎರಡನೆಯ ಅಪಾಯ ಮೋಸದ್ದಲ್ಲ, ಮುಗ್ಧತೆಯದು. ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಈ ಮೂಡಣ ಸೀಮೆಯಲ್ಲಿ ಪಾಯ ತೋಡದ ವರ್ಷವಿಲ್ಲ. ಗುದ್ದಲಿಗೆ ಕಪ್ಪು ಬಿಲ್ಲೆಗಳು ಸಿಕ್ಕಿದರೆ ಹುಣಿಸೆಹಣ್ಣು ಹಚ್ಚಿ ತಿಕ್ಕುವುದು ಮನೆಯವರ ಮೊದಲ ಕೆಲಸ. ಅಚ್ಚಿಗೆ ಅಚ್ಚು ಬಡಿದ ನೆರಳು, ಎರಡನೆಯ ಏಟಿನ ಅಂಚು, ಕೂದಲಿನಂಥ ಬಿರುಕು ಇವೆಲ್ಲ ಹಾಳೆಯಷ್ಟೂ ದಪ್ಪವಿರುವುದಿಲ್ಲ. ಒಂದು ಸಲ ತಿಕ್ಕಿದರೆ ಹೋದವು. ಅದಕ್ಕಿಂತ ಕೆಟ್ಟದ್ದೆಂದರೆ ಗಂಟನ್ನು ಹಂಚಿಕೊಂಡು, ಓರೆಕೋರೆಯವನ್ನು ಕೆಲಸಕ್ಕೆ ಬಾರದವೆಂದು ಕರಗಿಸುವುದು. ನೆಲದಲ್ಲಿ ಹುದುಗಿ ಸಿಕ್ಕ ನಿಧಿಯನ್ನು ಕಾಯಿದೆಯಂತೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ೧೯೭೨ರ ಕಾಯಿದೆಯಂತೆ ನೂರು ವರ್ಷಕ್ಕೆ ಮೇಲ್ಪಟ್ಟ ನಾಣ್ಯ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದಾಚೆಗೆ ಸಾಗಿಸುವಂತಿಲ್ಲ. ಸಿಕ್ಕಿದ ಜಾಗ, ಆಳ, ಜೊತೆಗಿದ್ದ ಮಡಕೆಯ ಚೂರು ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಆ ಹಾಳೆಯ ಬೆಲೆ ಬೆಳ್ಳಿಯ ಬೆಲೆಗೆ ಕಡಿಮೆಯಲ್ಲ.

ನಾಣ್ಯವನ್ನು ನೋಡುವುದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಸಂಜೆ ದೀಪ ಹಚ್ಚಿ, ನಾಣ್ಯವನ್ನು ಅಂಗೈಯಲ್ಲಿಟ್ಟು, ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ ಹಿಡಿಯಿರಿ. ಮೇಲಿನಿಂದ ಬಿದ್ದ ಬೆಳಕಿನಲ್ಲಿ ರಾಜನೊಬ್ಬನೇ ಕಾಣುತ್ತಾನೆ. ಬೆಳಕನ್ನು ಮೆಲ್ಲಗೆ ಇಳಿಸುತ್ತ ಬಂದಂತೆ ಅವನ ಕತ್ತಿನ ಹಿಂದೆ ಮೊದಲ ಏಟಿನ ಗೆರೆ, ಅದರಾಚೆ ಬಿಲ್ಲೆ ಜಾರಿದ ಜಾಗ ಒಂದೊಂದಾಗಿ ಏಳುತ್ತವೆ.